ಎರಡು ನಿಮಿಷದ ಮೌನ

ಅಂದು ಜನವರಿ 30. ವಿಧವಾ ವೇತನದ ಅರ್ಜಿ ಕೊಡಲು ನಾವು ಐದು ಮಂದಿ ತಾಲ್ಲೂಕು ಕಚೇರಿಗೆ ಹೋಗಿದ್ದೆವು. ಕಚೇರಿ ತುಂಬ ಜನ. ಗಲಾಟೆಯೋ ಗಲಾಟೆ.

ಇದ್ದಕ್ಕಿದ್ದಂತೆ ಸೈರನ್ ಕೂಗಿತು. "ಅಯ್ಯೋ, ಎಲ್ಲೋ ಬೆಂಕಿ ಬಿತ್ತು ಕಣ್ರೇ" ಎಂದು ನಮ್ಮ ಜೊತೆಗಿದ್ದ ಅಜ್ಜಿ ಬಾಗಿಲ ಕಡೆ ಹೊರಟರು. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಗುಮಾಸ್ತರು ಪೆನ್ನು ಕೆಳಗಿಟ್ಟರು. ತಹಶೀಲ್ದಾರರು ಕೋಣೆಯಿಂದ ಹೊರಗೆ ಬಂದು ನಿಂತರು. ಟೀ ತಂದ ಹುಡುಗ ಲೋಟ ಹಿಡಿದೇ ನಿಂತ. ಯಾರದೂ ಮಾತಿಲ್ಲ. ಗಡಿಯಾರದ ಸದ್ದು ಕೇಳುತ್ತಿತ್ತು. ನಾವೂ ನಿಂತೆವು. ಯಾಕೆ ಅಂತ ಗೊತ್ತಿರಲಿಲ್ಲ.

ಮತ್ತೆ ಸೈರನ್. ಮತ್ತೆ ಗಲಾಟೆ. ಅಜ್ಜಿ ಕೇಳಿಯೇ ಬಿಟ್ಟರು: "ಯಾರು ಹೋದ್ರಪ್ಪಾ?"

ಗುಮಾಸ್ತರು ನಗಲಿಲ್ಲ. "ಗಾಂಧಿ ತಾತ ಹೋದ ದಿನ ಅಜ್ಜಿ, ಇವತ್ತು" ಎಂದರು.

ರಾತ್ರಿ ಕಲಿಕಾ ಕೇಂದ್ರದಲ್ಲಿ ಅದೇ ಮಾತು. ಪುಸ್ತಕ ತೆಗೆದು ಓದಿದೆವು.

1948ನೇ ಇಸವಿ. ಜನವರಿ 30, ಶುಕ್ರವಾರ. ಜಾಗ ದೆಹಲಿಯ ಬಿರ್ಲಾ ಭವನ. ಸಂಜೆ ಐದು ಗಂಟೆ ದಾಟಿತ್ತು. ಗಾಂಧೀಜಿ ಪ್ರಾರ್ಥನೆಗೆ ಹೋಗುತ್ತಿದ್ದರು. ಆಗ ಅವರಿಗೆ 78 ವರ್ಷ. ಮನು, ಆಭಾ ಎಂಬ ಇಬ್ಬರು ಹೆಣ್ಣುಮಕ್ಕಳ ಹೆಗಲ ಮೇಲೆ ಕೈ ಇಟ್ಟು ನಡೆಯುತ್ತಿದ್ದರು. ನಾಥೂರಾಮ್ ಗೋಡ್ಸೆ ಅಡ್ಡ ಬಂದ. ಮನುವನ್ನು ಪಕ್ಕಕ್ಕೆ ತಳ್ಳಿದ. ಮೂರು ಗುಂಡು ಹಾರಿಸಿದ.

ದೇಶಕ್ಕಾಗಿ ಪ್ರಾಣ ಕೊಟ್ಟವರನ್ನು ಹುತಾತ್ಮರು ಎನ್ನುತ್ತಾರೆ. ಜನವರಿ 30 ಹುತಾತ್ಮರ ದಿನ. ಬೆಳಿಗ್ಗೆ 11 ಗಂಟೆಗೆ ದೇಶದಲ್ಲೆಲ್ಲ ಎರಡು ನಿಮಿಷ ಮೌನ. ಇದು ಗಾಂಧೀಜಿ ಒಬ್ಬರಿಗೇ ಅಲ್ಲ. ಸ್ವಾತಂತ್ರ್ಯಕ್ಕಾಗಿ ಸತ್ತ ಎಲ್ಲರಿಗೂ.

ನಮ್ಮ ನಾಡಿನಲ್ಲೂ ಸತ್ತವರಿದ್ದಾರೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ಬಾವುಟ ಹಾರಿಸಲು ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದಳು. ಶಿವಮೊಗ್ಗ ಜಿಲ್ಲೆಯ ಈಸೂರಿನ ಐವರನ್ನು 1943ರಲ್ಲಿ ಗಲ್ಲಿಗೇರಿಸಿದರು. ಅವರ ಮನೆಗಳಲ್ಲೂ ತಾಯಿ, ಹೆಂಡತಿ, ಮಕ್ಕಳು ಇದ್ದರಲ್ಲವೇ?

"ಸುಮ್ನೆ ನಿಂತರೆ ಏನು ಬಂತು? ನಮ್ಮಲ್ಲಿ ಸತ್ತರೆ ಹಾಡಿಕೊಂಡು ಅಳ್ತೀವಿ" ಎಂದಳು ಒಬ್ಬಳು. ಅದೂ ನಿಜವೇ. ಹೀಗೆ ನಿಲ್ಲುವ ಪದ್ಧತಿ ಹೊರಗಿನಿಂದ ಬಂದದ್ದು. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ 1919ರ ನವೆಂಬರ್ 11ರಂದು ಇಂಗ್ಲೆಂಡಿನಲ್ಲಿ ಹೀಗೆ ಎರಡು ನಿಮಿಷ ನಿಂತರು. ಸತ್ತವರು ಲಕ್ಷ ಲಕ್ಷ. ಎಷ್ಟು ಜನರಿಗೆಂದು ಹಾಡಿ ಅಳುವುದು?

ಇನ್ನೊಂದು ಮಾತೂ ಬಂತು. ಸುಮ್ಮನಿರುವುದು ಹೆಂಗಸರಿಗೆ ಹೊಸದೇನಲ್ಲ. ಮನೆಯಲ್ಲಿ "ಬಾಯಿ ಮುಚ್ಚು" ಅಂತಾರೆ, ಮುಚ್ಚುತ್ತೇವೆ. ಕಚೇರಿಯಲ್ಲಿ "ಆಚೆ ನಿಲ್ಲು" ಅಂತಾರೆ, ನಿಲ್ಲುತ್ತೇವೆ. ಆದರೆ ಆ ಎರಡು ನಿಮಿಷ ತಹಶೀಲ್ದಾರರೂ ಸುಮ್ಮನೆ, ನಾವೂ ಸುಮ್ಮನೆ. ಎಲ್ಲರೂ ಒಂದೇ ಸಮ. ಅದು ನಮಗೆ ಹಿಡಿಸಿತು. (ಅರ್ಜಿಗೆ ಮಾತ್ರ ಇನ್ನೂ ಮೂರು ಸಲ ಅಲೆದೆವು!)

ಮರುವರ್ಷ ಜನವರಿ 30. ಕಣದಲ್ಲಿ ರಾಗಿ ತೂರುತ್ತಿದ್ದೆವು. ನಮ್ಮೂರಿಗೆ ಸೈರನ್ ಕೇಳುವುದಿಲ್ಲ. ಗಡಿಯಾರ ನೋಡಲು ಕಲಿತವಳು ಸರಿಯಾಗಿ 11 ಗಂಟೆಗೆ ಕೈ ಎತ್ತಿದಳು. ಮೊರ ಕೆಳಗಿಟ್ಟು ಎಲ್ಲರೂ ನಿಂತೆವು.

ಅಜ್ಜಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಏನಜ್ಜಿ ಅಂತ ಆಮೇಲೆ ಕೇಳಿದೆವು.

"ಗೌರಮ್ಮನ ಹೆಸರು ಹೇಳ್ಕೊಂತಿದ್ದೆ" ಎಂದು ಮೊರ ಎತ್ತಿಕೊಂಡರು.