ಎಳ್ಳಿಲ್ಲದ ಎಳ್ಳುಬೆಲ್ಲ

ನಮ್ಮ ಮೈಸೂರು ಕಡೆ ಸಂಕ್ರಾಂತಿಯ ಎಳ್ಳಿಗೆ ಐದು ಪದಾರ್ಥ ಬೆರೆಸುತ್ತೇವೆ: ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಇವುಗಳಲ್ಲಿ ಮೊದಲ ಎರಡೂ ನನ್ನ ಮಗಳಿಗೆ ಆಗುವುದಿಲ್ಲ. ತುಟಿ ಊದಿಸಿ, ಮೈತುಂಬ ಗಂಧೆ ಎಬ್ಬಿಸಿ, ಹೆಚ್ಚಾದರೆ ಉಸಿರಿಗೇ ತೊಂದರೆ ಕೊಡುವ ಅಲರ್ಜಿ ಅದು. ಅವಳಿನ್ನೂ ತೊದಲು ಮಾತಾಡುತ್ತಿದ್ದ ವಯಸ್ಸಿನಲ್ಲಿ, ಯಾರೋ ಪ್ರೀತಿಯಿಂದ ಕೈಗಿತ್ತ ಚಿಕ್ಕಿಯ ಚೂರನ್ನು ಚೀಪಿದಾಗ ನಮಗೆ ಅದು ಗೊತ್ತಾಯಿತು. ಅಂದಿನಿಂದ ಯಾವ ಹಬ್ಬ ಹತ್ತಿರ ಬಂದರೂ ಮೊದಲು ನೆನಪಾಗುವುದು ಅದರ ಅಡುಗೆ. ನಾಗರಪಂಚಮಿಗೆ ಚಿಗಳಿ, ಗಣೇಶನಿಗೆ ಎಳ್ಳು ಹಾಕಿದ ಪಂಚಕಜ್ಜಾಯ. ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಾದಿನಿಯನ್ನು ಕೊಟ್ಟಿರುವ ಹುಬ್ಬಳ್ಳಿಗೆ ಹೋದರೆ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನಮ್ಮ ನಾಡಿನ ಹಬ್ಬಗಳಿಂದ ಎಳ್ಳು, ಕಡಲೆಕಾಯಿ ಎರಡನ್ನೂ ತೆಗೆದರೆ ಉಳಿಯುವುದೇನು ಎಂದು ಆಗ ದಿಗಿಲಾಗಿತ್ತು. ಉಳಿಯುವುದು ಬಹಳ ಇದೆ ಎಂದು ತೋರಿಸಿಕೊಟ್ಟವರು ನಮ್ಮ ಅತ್ತೆ.

ಅಷ್ಟರಲ್ಲಿ ಮಗಳಿಗೆ ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಎಲ್ಲವೂ ಆಗಿತ್ತು. ಫಲಿತಾಂಶದ ಪಟ್ಟಿಯಲ್ಲಿ ಎಳ್ಳು, ಕಡಲೆಕಾಯಿಯ ಜೊತೆಗೆ ಗೋಧಿ, ಹೆಸರುಕಾಳಿನ ಎದುರೂ ಪಾಸಿಟಿವ್ ಎಂದಿತ್ತು. ಅವೆರಡನ್ನೂ ಅವಳು ಆವರೆಗೆ ಚೆನ್ನಾಗಿಯೇ ತಿನ್ನುತ್ತಿದ್ದಳು. ವೈದ್ಯರು, ‘ತಿಂದು ಜೀರ್ಣಿಸಿಕೊಳ್ತಾ ಇರೋದನ್ನ ಕಾಗದ ನೋಡಿ ನಿಲ್ಲಿಸಬೇಡಿ’ ಎಂದರು. ಮೈಸೂರು ಮತ್ತು ಬೆಂಗಳೂರಿನ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಮಾತೂ ಬಂತು. ಅದರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತ್ತು. ಅಲರ್ಜಿ ಇರಬಹುದು ಎನ್ನುವಂಥ ಲಕ್ಷಣ ಇದ್ದವರು ಮಾತ್ರ ಶೇಕಡಾ 1.2ರಷ್ಟು. ಅಲರ್ಜಿ ಇರುವ ಮಗುವಿನ ಎಲೆ ಮೊದಲೇ ಬರಿದು. ಕಾರಣವಿಲ್ಲದೆ ಅದನ್ನು ಇನ್ನಷ್ಟು ಬರಿದು ಮಾಡಬಾರದು. ಹಾಗಾಗಿ ನಮ್ಮನೆಯ ಹೋಳಿಗೆ, ಹೆಸರುಬೇಳೆ ಕೋಸಂಬರಿ ಉಳಿದುಕೊಂಡವು.

ಮುಂದೆ ಬಂದ ಸಂಕ್ರಾಂತಿಗೆ ಮಗಳಿಗೆಂದು ಬೇರೆ ಡಬ್ಬಿಯಲ್ಲಿ ಬೇರೆ ತಿಂಡಿ ಮಾಡಿಡುವ ಆಲೋಚನೆ ನಮ್ಮದಾಗಿತ್ತು. ಅತ್ತೆ ಒಪ್ಪಲಿಲ್ಲ. ‘ಹಬ್ಬದ ದಿನ ಹೆಣ್ಣುಮಗೂಗೆ ಬೇರೆ ಡಬ್ಬಿ ಏನೇ? ಎಲ್ಲಾರಿಗೂ ಅವಳದ್ದೇ ಎಳ್ಳು ಬೀರೋಣ’ ಎಂದರು. ಎಳ್ಳಿಲ್ಲದೆ ಎಳ್ಳು ಬೀರುವುದು ಹೇಗೆ ಅತ್ತೆ ಎಂದರೆ, ‘ದೇವರ ಮುಂದೆ ಒಂದು ಚಿಟಿಕೆ ಎಳ್ಳನ್ನ ಭರಣಿಯಲ್ಲಿ ಮುಚ್ಚಿಡ್ತೀನಿ. ಶಾಸ್ತ್ರ ಅಲ್ಲಿಗಾಯ್ತು’ ಎಂದು ಮಾತು ಮುಗಿಸಿದರು. ಹುಟ್ಟಿದಾಗಿನಿಂದ ಒಂದು ಸಂಕ್ರಾಂತಿಯೂ ಎಳ್ಳು ಬೀರದೆ ಇದ್ದವರಲ್ಲ ಅವರು. ಅವರ ಬಾಯಲ್ಲಿ ಈ ಮಾತು ಬಂದ ಮೇಲೆ ನೆಂಟರಲ್ಲಿ ಯಾರೂ ಶಾಸ್ತ್ರದ ಮಾತೆತ್ತಲಿಲ್ಲ.

ಹೇಳಿದಷ್ಟು ಹಗುರವಾಗಿರಲಿಲ್ಲ ಕೆಲಸ. ಹುರಿಗಡಲೆಯನ್ನೇ ನೋಡಿ. ಕಾಳಿನಲ್ಲಿ ದೋಷವಿಲ್ಲ. ಆದರೆ ಹುರಿಯುವ ಅಂಗಡಿಯಲ್ಲಿ ಕಡಲೆಕಾಯಿಯನ್ನೂ ಅದೇ ಮರಳಿನಲ್ಲಿ ಹುರಿದಿರುತ್ತಾರೆ, ಅದೇ ಜರಡಿಯಲ್ಲಿ ಜಾಲಿಸಿರುತ್ತಾರೆ, ಅಕ್ಕಪಕ್ಕದ ಚೀಲಗಳಿಗೆ ಒಂದೇ ಸೇರು ಮುಳುಗಿಸಿರುತ್ತಾರೆ. ಹುರಿದರೆ ಕಡಲೆಕಾಯಿಯ ದೋಷ ಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹೋಗುವುದಿಲ್ಲ, ಹುರಿದದ್ದು ಇನ್ನೂ ಜೋರು. ನಮಗೆ ಬೇಕಿದ್ದದ್ದು ಹುರಿಗಡಲೆ ಮಾತ್ರವೇ ತಯಾರಾಗುವ ಕಡೆಯ ಕಾಳು. ಅದಕ್ಕಾಗಿ ನಮ್ಮೆಜಮಾನರು ಊರೆಲ್ಲ ವಿಚಾರಿಸಿದರು. ಇನ್ನು ಅಡಕತ್ತರಿ. ಕೊಬ್ಬರಿ, ಬೆಲ್ಲ ಎರಡನ್ನೂ ಒಂದೇ ಅಳತೆಗೆ ಕತ್ತರಿಸುವುದರಲ್ಲಿ ಅತ್ತೆಯದು ಎತ್ತಿದ ಕೈ. ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು, ಬಟ್ಟಲನ್ನು ಉದ್ದುದ್ದ ಸೀಳಿ, ಆ ಸೀಳುಗಳನ್ನು ಅಡ್ಡಡ್ಡ ಕತ್ತರಿಸಿದರೆ ಚೂರುಗಳೆಲ್ಲ ಅಳೆದಿಟ್ಟಂತೆ ಬೀಳುತ್ತಿದ್ದವು. ಆದರೆ ಆ ಅಡಕತ್ತರಿಯ ಕೀಲಿನ ಸಂದಿಯಲ್ಲಿ ಹಳೆಯ ಎಳ್ಳು, ಬೀಜದ ಪುಡಿ ಮೆತ್ತಿಕೊಂಡಿತ್ತು. ಎಷ್ಟು ಉಜ್ಜಿದರೂ ಪೂರ್ತಿ ಹೋದ ಹಾಗೆ ಅತ್ತೆಗೆ ಅನ್ನಿಸಲಿಲ್ಲ. ದೇವರಾಜ ಮಾರುಕಟ್ಟೆಯಿಂದ ಹೊಸ ಅಡಕತ್ತರಿ ಬಂತು. ಹಳೆಯದು ಅಟ್ಟಕ್ಕೆ ಹೋಯಿತು. ಎಳ್ಳು, ಬೀಜದ ಜಾಗಕ್ಕೆ ಸಿಪ್ಪೆ ಸುಲಿದ ಕುಂಬಳಬೀಜ, ಒಣದ್ರಾಕ್ಷಿ, ಸಣ್ಣ ಕಲ್ಲುಸಕ್ಕರೆ ಸೇರಿದವು. ಕುಂಬಳಬೀಜ ಅವಳಿಗೆ ಆಗುತ್ತದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಂಡಿದ್ದೆವು.

ಬೀದಿಯಲ್ಲಿ ಎಳ್ಳು ಬೀರಲು ಹೊರಟ ಹುಡುಗಿಯರ ಗುಂಪಿನಲ್ಲಿ ನಮ್ಮವಳೂ ರೇಷ್ಮೆ ಲಂಗ ಉಟ್ಟು ತಟ್ಟೆ ಹಿಡಿದು ಹೋದಳು. ನನಗೆ ಇದರಲ್ಲಿ ಕಂಡದ್ದು ಇಷ್ಟು: ಅಲರ್ಜಿ ಇರುವ ಮಗುವನ್ನು ನಾವು ಸದಾ ತೆಗೆದುಕೊಳ್ಳುವವಳ ಜಾಗದಲ್ಲೇ ಇಟ್ಟು, ಇದು ಬೇಡ, ಅದು ಬೇಡ ಅನ್ನಿಸುತ್ತಿರುತ್ತೇವೆ. ಕೊಡುವವಳ ಜಾಗದಲ್ಲಿ ನಿಲ್ಲಿಸಿದರೆ ಅವಳು ಯಾರಿಗೂ ಬೇಡ ಎನ್ನಬೇಕಾಗಿಲ್ಲ. ಅವಳ ತಟ್ಟೆಯಲ್ಲಿರುವುದನ್ನು ಎಲ್ಲರೂ ತಿನ್ನಬಹುದು, ಅವಳೂ ತಿನ್ನಬಹುದು. ಪ್ರತಿಯಾಗಿ ಏನು ಕೊಡಬೇಕೆಂದು ನೆರೆಯವರಿಗೆ ಮೊದಲೇ ತಿಳಿಸಿದ್ದೆ: ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿ ಹಣ್ಣು, ಸಕ್ಕರೆ ಅಚ್ಚು. ಸಂಜೆ ಎಲಚಿ ಹಣ್ಣು ಎರೆಯುವಾಗಲೂ ಹಾಗೆಯೇ. ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಅಷ್ಟೇ. ಒಂದಿಬ್ಬರು ಮರೆತು ಎಳ್ಳಿನ ಪೊಟ್ಟಣವನ್ನೇ ಕೊಟ್ಟರು. ಕೈಚೀಲದಲ್ಲಿ ಬೇರೆ ಕವರು ಇಟ್ಟಿದ್ದೆ. ಪೊಟ್ಟಣ ಒಡೆಯದೆ ಅದರಲ್ಲಿ ಹಾಕಿಕೊಂಡು ಬಂದು ಕೈ ತೊಳೆದುಕೊಂಡಳು. ಸೋಪು, ನೀರಿನಲ್ಲೇ ತೊಳೆಯಬೇಕು. ಸ್ಯಾನಿಟೈಸರ್‌ನಿಂದ ಕಡಲೆಕಾಯಿಯ ಅಂಶ ಹೋಗುವುದಿಲ್ಲ.

ಸಕ್ಕರೆ ಅಚ್ಚಿನ ವಿಷಯದಲ್ಲೂ ಒಂದು ಮಾತಿದೆ. ಪಾಕದ ಕೊಳೆ ತೆಗೆಯಲು ಅದಕ್ಕೆ ಹಾಲು ಹಾಕುವ ರೂಢಿ ಉಂಟು. ನನ್ನ ಮಗಳಿಗೆ ಹಾಲು ಆಗುತ್ತದೆ. ಆದರೆ ನಮ್ಮ ಬೀದಿಯಲ್ಲೇ ಹಾಲಿನ ಅಲರ್ಜಿಯ ಹುಡುಗನೊಬ್ಬನಿದ್ದಾನೆ. ಬಿಳಿಯ ಗಿಣಿ, ಆನೆ, ಮಂಟಪದ ಅಚ್ಚು ಅವನ ಪಾಲಿಗೆ ಅಪಾಯ. ಪಂಚಾಮೃತ, ತುಪ್ಪ ಸುರಿದ ಪೊಂಗಲ್ ಕೂಡ. ಒಂದು ಮಗುವಿಗೆ ಹಿತವಾದದ್ದು ಇನ್ನೊಂದಕ್ಕೂ ಹಿತ ಎಂದುಕೊಳ್ಳುವ ಹಾಗಿಲ್ಲ. ಅದಕ್ಕೇ ಈಗ ನಮ್ಮ ಎಳ್ಳಿನ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಪೂರ್ತಿ ಬರೆದು ಅಂಟಿಸುತ್ತೇವೆ. ಬರೆಯುವುದು ಮಗಳೇ.

ಹಬ್ಬದ ಮನೆಗಳಲ್ಲಿ ಎದುರಾಗುವ ಕಷ್ಟ ಪ್ರಸಾದದ್ದು. ‘ಪ್ರಸಾದ ಅಲ್ವೇನಮ್ಮ, ಒಂಚೂರು ಬಾಯಿಗೆ ಹಾಕ್ಕೊಂಡ್ರೆ ಏನೂ ಆಗಲ್ಲ’ ಎನ್ನುವವರಲ್ಲಿ ಕೆಟ್ಟ ಮನಸ್ಸಿಲ್ಲ. ಮಗುವಿಗೆ ದೇವರ ಕೃಪೆ ತಪ್ಪಬಾರದು ಎಂಬ ಕಳಕಳಿಯೇ ಇರುತ್ತದೆ. ಆದ್ದರಿಂದ ನಾವು ವಾದಕ್ಕೆ ಇಳಿಯುವುದಿಲ್ಲ. ಪ್ರಸಾದವನ್ನು ನಾನೇ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಮಗಳಿಗೆ ಹೂವನ್ನೋ ಅಕ್ಷತೆಯನ್ನೋ ಕೇಳಿ ಕೊಡಿಸುತ್ತೇನೆ. ತೆಂಗಿನಕಾಯಿ ಹೋಳು ಕೊಟ್ಟ ಅರ್ಚಕರೂ ಇದ್ದಾರೆ.

ಗೃಹಪ್ರವೇಶವೊಂದರಲ್ಲಿ ನಡೆದದ್ದನ್ನು ಹೇಳಲೇಬೇಕು. ತಿಂಡಿಯ ಚಟ್ನಿ ಬರೀ ತೆಂಗಿನಕಾಯಿಯದು ಎಂದಿದ್ದರು. ರುಬ್ಬುವಾಗ ಸಾಲದೆ ಬಂದು ಕಡಲೆಕಾಯಿ ಬೀಜ ಸೇರಿಸಿದ್ದು ಬಡಿಸುವವರಿಗೆ ಗೊತ್ತಿರಲಿಲ್ಲ. ಇಡ್ಲಿಯ ಒಂದೆರಡು ತುತ್ತಿಗೇ ಮಗಳು ಗಂಟಲು ಕೆರೆದುಕೊಳ್ಳತೊಡಗಿದಳು. ಕುತ್ತಿಗೆಯ ಮೇಲೆ ಗಂಧೆ, ಬಿಡದ ಕೆಮ್ಮು, ಆಮೇಲೆ ದನಿ ಒಡೆಯಿತು. ನಮ್ಮೆಜಮಾನರು ತಡಮಾಡದೆ ಅಡ್ರಿನಲಿನ್ ಚುಚ್ಚಿದರು, ತೊಡೆಯ ಹೊರಬದಿಯ ನಡುಭಾಗಕ್ಕೆ. ವಿದೇಶಗಳಲ್ಲಿ ಬಳಸುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಮಗುವಿನ ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಎಷ್ಟು ಕೊಡಬೇಕೆಂದು ನಮ್ಮ ವೈದ್ಯರು ಬರೆದುಕೊಟ್ಟು, ಆಂಪ್ಯೂಲಿನಿಂದ ಸಿರಿಂಜಿಗೆ ಎಳೆಯುವುದನ್ನು ಕೈಹಿಡಿದು ಕಲಿಸಿದ್ದರು. ಅಲರ್ಜಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆ, ಸಿರಪ್ ತುರಿಕೆ ಇಳಿಸುತ್ತವೆ, ಅಷ್ಟೇ. ಉಸಿರು ಕಟ್ಟುವುದನ್ನು, ರಕ್ತದೊತ್ತಡ ಕುಸಿಯುವುದನ್ನು ತಡೆಯುವುದಿಲ್ಲ. ಮೊದಲು ಕೊಡಬೇಕಾದ್ದು ಅಡ್ರಿನಲಿನ್. ಎದ್ದು ನಡೆಯಲು ಬಿಡದೆ ಅವಳನ್ನು ಎತ್ತಿಕೊಂಡೇ ಕಾರಿಗೆ ಹೋದೆವು. ಆಸ್ಪತ್ರೆ ತಲುಪುವ ಹೊತ್ತಿಗೆ ದನಿ ತಿಳಿಯಾಗಿತ್ತು. ಆದರೂ ಲಕ್ಷಣಗಳು ಮರುಕಳಿಸಬಹುದೆಂದು ಗಂಟೆಗಟ್ಟಲೆ ಅಲ್ಲೇ ಇಟ್ಟುಕೊಂಡರು. ಅಂದು ಅಲ್ಲಿದ್ದ ನೆಂಟರಲ್ಲಿ ಯಾರೂ ಮತ್ತೆ ‘ಒಂಚೂರು’ ಎಂದಿಲ್ಲ. ಆದರೆ ಮಗುವೊಂದು ಆ ಸ್ಥಿತಿಗೆ ಹೋಗಿಯೇ ಜನ ನಂಬಬೇಕೇ ಎಂಬ ಸಂಕಟ ನನಗೆ ಇಂದಿಗೂ ಇದೆ.

ಅಲ್ಲಿಂದ ಮುಂದೆ ನಾವು ಕೇಳುವ ಪ್ರಶ್ನೆ ಬದಲಾಯಿತು. ‘ಇದರಲ್ಲಿ ಕಡಲೆಕಾಯಿ ಇದೆಯಾ?’ ಎಂದರೆ ಹಬ್ಬದ ಗಡಿಬಿಡಿಯಲ್ಲಿ ‘ಇಲ್ಲಮ್ಮ’ ಎಂದೇ ಉತ್ತರ ಬರುತ್ತದೆ. ‘ಇದಕ್ಕೆ ಏನೇನು ಹಾಕಿದ್ರಿ? ಒಗ್ಗರಣೆ ಯಾವ ಎಣ್ಣೇದು?’ ಎಂದು ಕೇಳಿದರೆ ಮಾಡಿದವರು ನಿಂತು ನೆನೆಸಿಕೊಂಡು ಹೇಳುತ್ತಾರೆ. ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಅಡುಗೆ ಮಾಡುವ ಭಟ್ಟರಲ್ಲಿ ಹಾಗೆ ಕೇಳಿದಾಗ ಅವರು ಒಲೆ ಸಣ್ಣ ಮಾಡಿ ಕೂತು, ಒಂದೊಂದೇ ಅಡುಗೆಯ ಸಾಮಾನು ಹೇಳುತ್ತ ಹೋದರು. ಪುಳಿಯೋಗರೆ ಗೊಜ್ಜಿಗೆ ಹುರಿದ ಎಳ್ಳಿನ ಪುಡಿ, ಮೇಲೆ ಕಡಲೆಕಾಯಿ ಬೀಜ. ಎಣ್ಣೆಗಾಯಿಗೆ ಎರಡೂ. ಕರಿಯುವ ಎಣ್ಣೆ ಗಾಣದ ಕಡಲೆಕಾಯಿ ಎಣ್ಣೆ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುಮಟ್ಟಿಗೆ ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಆರೋಗ್ಯಕ್ಕೆಂದು ಈಚೆಗೆ ಎಲ್ಲರೂ ಗಾಣದ ಎಣ್ಣೆಗೆ ಹೊರಳುತ್ತಿರುವುದರಿಂದ ಈ ಮಾತನ್ನು ಎಲ್ಲ ಕಡೆ ಹೇಳುತ್ತಿರುತ್ತೇನೆ.

ಭಟ್ಟರು ಒಂದು ಉಪಾಯವನ್ನೂ ತಾವೇ ಹೇಳಿದರು: ‘ಮಗೂನ ಮೊದಲ ಪಂಕ್ತೀಲಿ, ಮೊದಲ ಎಲೇಗೇ ಕೂರಿಸಿ ಅಮ್ಮ. ಆಗ ಸೌಟು ಇನ್ನೂ ಅದಲುಬದಲಾಗಿರಲ್ಲ.’ ಎಷ್ಟು ಸತ್ಯ! ಅವಳಿಗೆ ಆಗುವ ಪಾತ್ರೆಗಳ ಸೌಟಿಗೆ ಕೆಂಪು ದಾರ ಕಟ್ಟಿದರು. ಪುಳಿಯೋಗರೆ ಕೊನೆಗೆ ಹೊರಬಂತು. ಮಗಳು ಗೆಳತಿಯರ ನಡುವೆಯೇ ಕೂತು ಬಾಳೆಎಲೆಯಲ್ಲಿ ಉಂಡಳು. ಪುಳಿಯೋಗರೆ ಬಂದಾಗ ಅವಳ ಅಕ್ಕಪಕ್ಕದ ಇಬ್ಬರು ಹುಡುಗಿಯರು ಯಾರೂ ಹೇಳದೆಯೇ ‘ನಮಗೂ ಬೇಡ’ ಎಂದರು. ಮಕ್ಕಳಿಗೆ ನೇರವಾಗಿ ಹೇಳಿದರೆ ದೊಡ್ಡವರಿಗಿಂತ ಬೇಗ ತಿಳಿಯುತ್ತದೆ. ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟಿನ ಬದಲು ಪೆನ್ಸಿಲ್, ಸ್ಟಿಕರ್ ಹಂಚುವ ರೂಢಿ ಅವಳ ತರಗತಿಯಲ್ಲಿ ಬಂದದ್ದೂ ಮಕ್ಕಳಿಂದಲೇ.

ನಾದಿನಿಗೆ ಮಗುವಾದಾಗ ಅವಳು ಹೆದರಿ, ‘ಅತ್ತಿಗೆ, ನಮ್ಮ ಪಾಪೂಗೆ ಶೇಂಗಾ ತೋರಿಸಲೇಬಾರ್ದಾ?’ ಎಂದು ಕೇಳಿದ್ದಳು. ವೈದ್ಯರ ಉತ್ತರ ಬೇರೆಯೇ ಇತ್ತು. ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಆರುನೂರಕ್ಕೂ ಹೆಚ್ಚು ಹಸುಳೆಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಕಡಲೆಕಾಯಿಯನ್ನು ಬೇಗ ತಿನ್ನಲು ಕೊಟ್ಟ ಮಕ್ಕಳಲ್ಲಿ ಅದರ ಅಲರ್ಜಿ ತೀರಾ ಕಡಿಮೆಯಿತ್ತು. ವೈದ್ಯರು ಹೇಳಿದ ಕ್ರಮದಲ್ಲಿ ಅವಳು ಮಗುವಿಗೆ ನುಣ್ಣಗೆ ಅರೆದ ಶೇಂಗಾ ತಿನ್ನಿಸಿದಳು, ಇಡೀ ಬೀಜವನ್ನಲ್ಲ. ಆ ಮಗುವಿಗೆ ಈಗ ಶೇಂಗಾ ಹೋಳಿಗೆ ಎಂದರೆ ಪ್ರಾಣ. ನಾವು ಹುಬ್ಬಳ್ಳಿಗೆ ಹೋದ ದಿನಗಳಲ್ಲಿ ಮಾತ್ರ ಆ ಮನೆಯಲ್ಲಿ ಎಲ್ಲರಿಗೂ ಬೇಳೆ ಹೋಳಿಗೆ, ಸಜ್ಜೆ ರೊಟ್ಟಿಗೆ ಎಳ್ಳಿಲ್ಲ.

ಇಷ್ಟೆಲ್ಲ ಮನೆಯವರು, ನೆರೆಯವರು ಮಾಡುತ್ತಿದ್ದರೂ ಅಂಗಡಿಯ ಪೊಟ್ಟಣದ ಮುಂದೆ ನಾನು ಅಸಹಾಯಕಳು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯಲ್ಲಿ ಅಲರ್ಜಿಯ ಸೂಚನೆ ಕಡ್ಡಾಯವಾದ ಪಟ್ಟಿಯಿದೆ. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿಯವು, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಅದರಲ್ಲಿವೆ. ಎಳ್ಳಿಲ್ಲ. ಅಮೆರಿಕ 2021ರಲ್ಲಿ ಕಾನೂನು ಮಾಡಿ 2023ರ ಜನವರಿಯಿಂದ ಎಳ್ಳನ್ನು ಪಟ್ಟಿಗೆ ಸೇರಿಸಿತು. ಯುರೋಪಿನ ಪಟ್ಟಿಯಲ್ಲಿ ಅದು ಮೊದಲೇ ಇದೆ. ಚಿಗಳಿಯಿಂದ ಚಟ್ನಿಪುಡಿಯವರೆಗೆ ಎಳ್ಳು ತಿನ್ನುವ ನಮ್ಮ ದೇಶದಲ್ಲಿ ಇದು ಎಂದೋ ಆಗಬೇಕಿತ್ತು. ಮಸಾಲೆಪುಡಿಯ ಪೊಟ್ಟಣದಲ್ಲಿ ‘ಸಾಂಬಾರ ಪದಾರ್ಥಗಳು’ ಎಂದಷ್ಟೇ ಬರೆದಿದ್ದರೆ ಒಳಗೆ ಎಳ್ಳಿದೆಯೋ ಇಲ್ಲವೋ ನಾನು ಹೇಗೆ ತಿಳಿಯಲಿ? ಅದಕ್ಕೇ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ಎಲ್ಲವೂ ನಮ್ಮಲ್ಲಿ ಮನೆಯಲ್ಲೇ ಆಗುತ್ತವೆ. ಅಷ್ಟು ಬಿಡುವಿಲ್ಲದ ತಾಯಂದಿರು ಏನು ಮಾಡಬೇಕು?

ಈ ಸಲದ ಗಣೇಶೋತ್ಸವಕ್ಕೆ ಭಟ್ಟರು ಮೊನ್ನೆ ಸಾಮಾನಿನ ಚೀಟಿ ಕಳಿಸಿದ್ದಾರೆ. ಎಣ್ಣೆಯ ಎದುರು ಸೂರ್ಯಕಾಂತಿ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಪಂಚಕಜ್ಜಾಯಕ್ಕೆ ಕಡಲೆಬೇಳೆ, ಕೊಬ್ಬರಿ, ಬೆಲ್ಲ, ಏಲಕ್ಕಿ. ತುಪ್ಪವನ್ನು ಕೊನೆಗೆ ಸೇರಿಸುತ್ತೇನೆ, ಅದಕ್ಕೂ ಮೊದಲೇ ಹಾಲು ಆಗದ ಹುಡುಗನ ಪಾಲು ತೆಗೆದಿಡಲು ಮುಚ್ಚಳದ ಪಾತ್ರೆಯೊಂದನ್ನು ಕೊಡಿ ಎಂದು ಕೆಳಗೆ ಬರೆದಿದ್ದಾರೆ. ಪಾತ್ರೆ ನಮ್ಮ ಮನೆಯಿಂದ ಹೋಗುತ್ತದೆ.