ಮೊದಲ ಬೈಕಿಗೆ ನೂರು ಸಿಸಿ ಸಾಕು

ತಮ್ಮಾ, ತಾರಮಂಗಲಂನಿಂದ ಸೇಲಂಗೆ ಸೀರೆ ಗಂಟು ಸಾಗಿಸಬೇಕು, ಗೆಳೆಯರು 150 ಸಿಸಿಯದೇ ತಗೋ ಅನ್ನುತ್ತಾರೆ ಎಂದು ಬರೆದಿದ್ದೀಯ. ಕಂತು ಕಟ್ಟುವವರು ಅವರಲ್ಲವಲ್ಲ!

ಹೊಸಬನಿಗೆ ಎರಡೂ ಕಾಲು ನೆಲಕ್ಕೆ ಊರುವುದೇ ಅರ್ಧ ಧೈರ್ಯ. ನೂರು ಸಿಸಿ ವರ್ಗದ ಬೈಕುಗಳಲ್ಲಿ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., ಶೈನ್ 100 ಇನ್ನೂ ಹಗುರ, 99 ಕೆ.ಜಿ. ಎರಡರ ಸೀಟೂ 79 ಸೆಂ.ಮೀ. ಒಳಗೇ. ಹಿಂದೆ ಗಂಟು ಬಿಗಿದು ತಾರಮಂಗಲಂನ ಕೈಲಾಸನಾಥರ ಗುಡಿ ಬೀದಿಯ ಜಂಗುಳಿಯಲ್ಲಿ ತಿರುಗಿಸುವಾಗ ಈ ಹಗುರತನ ಎಷ್ಟು ಮುಖ್ಯವೆಂದು ತಿಳಿಯುತ್ತದೆ. ತುಸು ಭಾರವಾದರೂ ನನ್ನ ಆಯ್ಕೆ ಸ್ಪ್ಲೆಂಡರ್. ಯಾವ ಹಳ್ಳಿಯ ಮೆಕ್ಯಾನಿಕ್ಕೂ ಅದನ್ನು ಬಿಚ್ಚಬಲ್ಲ.

2025ರ ಸೆಪ್ಟೆಂಬರ್ 22ರಿಂದ ಇಂಥ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದರೂ ಷೋರೂಂ ಬೆಲೆಗೆ ಹಿಗ್ಗಬೇಡ, ತೆರಿಗೆ, ವಿಮೆ ಸೇರಿದ ಆನ್‌ರೋಡ್ ಬೆಲೆ ಕೇಳು.

ಸೆಕೆಂಡ್ ಹ್ಯಾಂಡ್ ಆದರೆ ಎಂಜಿನ್ ತಣ್ಣಗಿರುವಾಗ ನೀನೇ ಸ್ಟಾರ್ಟ್ ಮಾಡು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಕಾಣದೆ ಮುಂಗಡ ಕೊಡಲೇಬೇಡ.

ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಸಿಕ್ಕ ಮೇಲೆ 30 ದಿನ ಕಳೆಯದೆ ಲೈಸೆನ್ಸ್ ಪರೀಕ್ಷೆಯಿಲ್ಲ. ಅಷ್ಟು ದಿನ ಲೈಸೆನ್ಸ್ ಇರುವ ಅಣ್ಣನನ್ನೋ ಮಾವನನ್ನೋ ಹಿಂದೆ ಕೂರಿಸಿಕೊಂಡು ಓಡಿಸು. ಗಂಟು ಆಮೇಲೆ. ಐಎಸ್ಐ ಗುರುತಿನ ಹೆಲ್ಮೆಟ್‌ಗೆ ಈಗಲೇ ದುಡ್ಡು ತೆಗೆದಿಡು.