ಗಸ್ತಿನ ಫೋನು ನಿಮ್ಮ ಆರೋಗ್ಯಕ್ಕೂ ಇರಲಿ

ಹೂಗ್ಯಂ ಅರಣ್ಯ ವಲಯದ ವಾಚರ್ ಅಣ್ಣಂದಿರೇ, ಗಸ್ತಿನ ದಾರಿ ಫೋನಿನಲ್ಲಿ ದಾಖಲಾಗುತ್ತದೆ, ನಿಮ್ಮ ಕಾಲುನೋವು, ಮನಸ್ಸಿನ ನೋವು ದಾಖಲಾಗುವುದಿಲ್ಲ. 2025ರ ಜೂನ್‌ನಲ್ಲಿ ಇಲ್ಲೇ ತಾಯಿಹುಲಿ, ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಅಂಥದ್ದನ್ನು ಕಂಡವರಿಗೆ ನಿದ್ದೆ ಕೆಡುವುದು ಸಹಜ. ಆಗ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲುರಾತ್ರಿ, ಕನ್ನಡದಲ್ಲೇ, ಕಾಸಿಲ್ಲದೆ ಮಾತಾಡಬಹುದು. ಬಿಪಿ, ಮಂಡಿನೋವಿಗೆ ಸರ್ಕಾರದ ಇ-ಸಂಜೀವನಿ ಆ್ಯಪ್‌ನಲ್ಲಿ ವೈದ್ಯರು ಸಿಗುತ್ತಾರೆ. ಕಾಡಿನೊಳಗೆ ಸಿಗ್ನಲ್ ನಂಬಬೇಡಿ, ರೇಷನ್‌ಗೆ ಊರಿಗೆ ಬಂದ ದಿನ ಆ್ಯಪ್ ತೆರೆದು ವೈದ್ಯರ ಜೊತೆ ಮಾತಾಡಿ. ಹಾವು ಕಚ್ಚಿದರೆ ಮಾತ್ರ ಆ್ಯಪ್ ಹುಡುಕುತ್ತ ಕೂರದೆ, ವಾಕಿಟಾಕಿಯಲ್ಲಿ ತಿಳಿಸಿ ನೇರ ಆಸ್ಪತ್ರೆಗೆ ಹೊರಡಿ.

ಅಧಿಕಾರಿಗಳೇ, ದಿನವಿಡೀ ನಡೆಯುವವರಿಗೆ ಹೆಜ್ಜೆ ಎಣಿಸುವ ಆ್ಯಪ್ ಯಾಕೆ? ಶಿಬಿರಕ್ಕೊಂದು ಸೋಲಾರ್ ಚಾರ್ಜರ್ ಕೊಡಿ, ಸಂಬಳ ತಡಮಾಡಬೇಡಿ.